ಅಕ್ಟೋಬರ್ 23ಕ್ಕೆ ಮುಗಿಯದ ಚೆನ್ನಮ್ಮನ ಪಾಠ

ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗದ ಶಾಲೆಗಳಲ್ಲಿ ಬೋಧನಾಭ್ಯಾಸದ ಪಾಠಗಳನ್ನು ವೀಕ್ಷಿಸುವಾಗ ಕಿತ್ತೂರು ಚೆನ್ನಮ್ಮನ ಪಾಠವನ್ನು ನಾನು ಹಲವು ಸಲ ಕೇಳಿದ್ದೇನೆ. ಹೆಚ್ಚಿನ ಪಾಠಗಳು ಥ್ಯಾಕರೆ ಸತ್ತಲ್ಲಿಗೆ ಮುಗಿಯುತ್ತವೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಅವಧಿಯ ಗಂಟೆ ಹೊಡೆಯುತ್ತದೆ. ಆದರೆ ಆಕೆಯ ಬದುಕು ಅಂದಿಗೆ ಮುಗಿಯಲಿಲ್ಲ. ಪ್ರಶಿಕ್ಷಣಾರ್ಥಿಗಳ ಪಾಠಯೋಜನೆಗೆ ಒದಗಲೆಂದು ಆ ಜೀವನವನ್ನು ಮೊದಲಿನಿಂದ ಕೊನೆಯವರೆಗೆ ಇಲ್ಲಿ ಹೇಳುತ್ತೇನೆ.

ಚೆನ್ನಮ್ಮ ಹುಟ್ಟಿದ್ದು 1778ರಲ್ಲಿ, ಬೆಳಗಾವಿ ಹತ್ತಿರದ ಕಾಕತಿಯಲ್ಲಿ. ಚಿಕ್ಕಂದಿನಲ್ಲೇ ಕುದುರೆ ಸವಾರಿ, ಕತ್ತಿವರಸೆ ಕಲಿತಳು. ಕಿತ್ತೂರಿನ ದೇಸಾಯಿ ಮಲ್ಲಸರ್ಜನ ಕೈಹಿಡಿದು ಆತನ ಕಿರಿಯ ರಾಣಿಯಾದಳು. ಹಿರಿಯ ರಾಣಿ ರುದ್ರಮ್ಮ. ಪೇಶ್ವೆಯ ಸೆರೆಯಲ್ಲಿ ನೊಂದ ಮಲ್ಲಸರ್ಜ 1816ರಲ್ಲಿ ತೀರಿಕೊಂಡ. ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜ ಗಾದಿಗೆ ಬಂದ.

ಮುಂದಿನ ಸಂಗತಿಯನ್ನು ಪಾಠದಲ್ಲಿ ಬಿಡಬಾರದು. 1818ರಲ್ಲಿ ಪೇಶ್ವೆಯ ಆಳ್ವಿಕೆ ಕುಸಿದಾಗ ಕಿತ್ತೂರು ಕಂಪನಿಯ ಪಕ್ಷ ವಹಿಸಿತು. ಕಪ್ಪ ಕೊಟ್ಟು ಸಂಸ್ಥಾನವನ್ನು ಉಳಿಸಿಕೊಂಡಿತು. ಕೇವಲ ಆರು ವರ್ಷಗಳಲ್ಲಿ ಆ ಕಂಪನಿಯೇ ಕಿತ್ತೂರಿನ ಬಾಗಿಲಿಗೆ ತೋಪು ತಂದು ನಿಲ್ಲಿಸಿತು.

ಕಾರಣ, ವಾರಸುದಾರನ ಪ್ರಶ್ನೆ. 1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಶಿವಲಿಂಗಪ್ಪನೆಂಬ ಹುಡುಗನನ್ನು ದತ್ತು ತೆಗೆದುಕೊಳ್ಳಲಾಗಿತ್ತು. ಧಾರವಾಡದ ಕಲೆಕ್ಟರ್ ಥ್ಯಾಕರೆ ಆ ದತ್ತಕವನ್ನು ಒಪ್ಪಲಿಲ್ಲ. ಕಿತ್ತೂರಿನ ಭಂಡಾರಕ್ಕೆ ಮುದ್ರೆ ಹಾಕಿಸಿ ಕಾವಲಿಟ್ಟ. ಚೆನ್ನಮ್ಮ ಮೊದಲು ಹಿಡಿದದ್ದು ಕತ್ತಿಯನ್ನಲ್ಲ. ಪುಣೆಯ ಕಮಿಷನರ್ ಚಾಪ್ಲಿನ್‌ಗೂ ಮುಂಬಯಿಯ ಗವರ್ನರ್ ಎಲ್ಫಿನ್‌ಸ್ಟನ್‌ಗೂ ಪತ್ರ ಬರೆಸಿ ನ್ಯಾಯ ಕೇಳಿದಳು. ನ್ಯಾಯ ಸಿಗಲಿಲ್ಲ.

ಇಲ್ಲಿ ಕಾಲಾನುಕ್ರಮದ ಎಚ್ಚರ ಬೇಕು. ದತ್ತು ಮಕ್ಕಳಿಗೆ ಹಕ್ಕಿಲ್ಲ ನೀತಿಯ ಜೊತೆ ಹೆಸರು ಕೇಳಿಬರುವ ಡಾಲ್‌ಹೌಸಿ ಭಾರತಕ್ಕೆ ಬಂದದ್ದು 1848ರಲ್ಲಿ. ಕಿತ್ತೂರಿನ ಯುದ್ಧ ಅದಕ್ಕಿಂತ 24 ವರ್ಷ ಹಿಂದಿನದು. ಕಪ್ಪುಹಲಗೆಯ ಮೇಲೆ ಕಾಲರೇಖೆ ಎಳೆದು ಈ ಎರಡು ಇಸವಿಗಳನ್ನು ಗುರುತಿಸಿದರೆ, ನೀತಿಗೆ ಹೆಸರು ಬರುವ ಮೊದಲೇ ಅದರ ಪೆಟ್ಟು ನಮ್ಮ ನಾಡಿಗೆ ಬಿದ್ದಿತ್ತೆಂಬುದು ಮಕ್ಕಳಿಗೆ ತಾನಾಗಿ ತಿಳಿಯುತ್ತದೆ.

1824ರ ಅಕ್ಟೋಬರ್ 23ರಂದು ಕೋಟೆಯ ಬಾಗಿಲು ತೆರೆದು ಕಿತ್ತೂರಿನ ಸೈನ್ಯ ಹೊರನುಗ್ಗಿತು. ಅಮಟೂರು ಬಾಳಪ್ಪನ ಗುಂಡಿಗೆ ಥ್ಯಾಕರೆ ಬಿದ್ದ. ಎಲಿಯಟ್ ಮತ್ತು ಸ್ಟೀವನ್‌ಸನ್ ಎಂಬ ಇಬ್ಬರು ಅಧಿಕಾರಿಗಳು ಸೆರೆಸಿಕ್ಕರು. ಚೆನ್ನಮ್ಮ ಅವರ ಜೀವ ಉಳಿಸಿದಳು. ಆ ವಾಲ್ಟರ್ ಎಲಿಯಟ್ ಮುಂದೆ ನೂರಾರು ಕನ್ನಡ ಶಾಸನಗಳ ಪ್ರತಿಗಳನ್ನು ಸಂಗ್ರಹಿಸಿ ವಿದ್ವಾಂಸನೆಂದು ಹೆಸರಾದ. ರಾಣಿಯ ಒಂದು ಸಂಯಮ ನಾಡಿನ ಚರಿತ್ರೆಗೆ ಹೀಗೂ ಒದಗಿತು.

ಸೆರೆಯಾಳುಗಳನ್ನು ಬಿಟ್ಟರೆ ಸಂಧಾನವಾದೀತೆಂಬ ನಂಬಿಕೆಯಿಂದ ಅವರನ್ನು ಬಿಡಲಾಯಿತು. ಅಷ್ಟರಲ್ಲಿ ಕಂಪನಿಯ ದೊಡ್ಡ ಸೈನ್ಯ ಕೋಟೆಯನ್ನು ಸುತ್ತಿತ್ತು. ಡಿಸೆಂಬರ್ 5ರಂದು ಕಿತ್ತೂರು ಸೋತಿತು. ಗೆಲುವಿಗೂ ಸೋಲಿಗೂ ನಡುವೆ ಇದ್ದದ್ದು ಆರು ವಾರ ಮಾತ್ರ.

ಚೆನ್ನಮ್ಮನನ್ನು ಬೈಲಹೊಂಗಲದ ಕೋಟೆಯಲ್ಲಿ ಸೆರೆಯಿಟ್ಟರು. ನಾಲ್ಕು ವರ್ಷಕ್ಕೂ ಮಿಕ್ಕಿ ಅಲ್ಲಿದ್ದು 1829ರ ಫೆಬ್ರವರಿಯಲ್ಲಿ ಆಕೆ ಕಣ್ಮುಚ್ಚಿದಳು. ಸಂಗೊಳ್ಳಿ ರಾಯಣ್ಣ ಶಿವಲಿಂಗಪ್ಪನನ್ನು ಗಾದಿಗೆ ತರಲು ದಂಡು ಕಟ್ಟಿ ಹೋರಾಡಿ, 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ. ಆಕೆ ಹಿಡಿದಿದ್ದ ಪ್ರಶ್ನೆ ಆಕೆಯೊಂದಿಗೆ ಸಾಯಲಿಲ್ಲ.

ರಾಮದುರ್ಗದ ಕಡೆ ಪಾಠ ಮಾಡುವವರು ಇದನ್ನು ಅಲ್ಲಿನ ನೆಲಕ್ಕೇ ಜೋಡಿಸಬಹುದು. ನರಗುಂದದ ಬಾಬಾಸಾಹೇಬನಿಗೂ ದತ್ತು ತೆಗೆದುಕೊಳ್ಳಲು ಅನುಮತಿ ಸಿಗಲಿಲ್ಲ. 1858ರಲ್ಲಿ ಆತ ಬಂಡೆದ್ದ. ಅಧಿಕಾರಿ ಮ್ಯಾನ್‌ಸನ್ ಸುರೇಬಾನದಲ್ಲಿ ಹತನಾದ. ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಬಂಡಾಯಕ್ಕೆ ಸೇರದ ರಾಮದುರ್ಗ ಸಂಸ್ಥಾನ 1948ರವರೆಗೆ ಉಳಿಯಿತು. ಯಾರು ಸರಿ, ಯಾರು ತಪ್ಪು ಎಂದು ನಾವೇ ತೀರ್ಪು ಕೊಡದೆ, ಆ ಕಾಲದ ಅರಸರ ಮುಂದೆ ಯಾವ ದಾರಿಗಳಿದ್ದವೆಂದು ಮಕ್ಕಳನ್ನು ಕೇಳಬೇಕು.

ಈ ಪಾಠಕ್ಕೆ ಎರಡು ಅವಧಿ ಇರಲಿ ಎಂಬುದು ನನ್ನ ಸಲಹೆ. ಮೊದಲನೆಯದು 1818ರಿಂದ ಅಕ್ಟೋಬರ್ 23ರವರೆಗೆ, ಎರಡನೆಯದು ಅಲ್ಲಿಂದ ಬೈಲಹೊಂಗಲದ ಸಮಾಧಿಯವರೆಗೆ. ಮೌಲ್ಯಮಾಪನಕ್ಕೆ ಥ್ಯಾಕರೆಯನ್ನು ಕೊಂದವರಾರು ಎಂಬ ಪ್ರಶ್ನೆಯೊಂದೇ ಸಾಲದು. ಒಂದು ಸಂಸ್ಥಾನದ ವಾರಸುದಾರನನ್ನು ನಿರ್ಧರಿಸುವ ಹಕ್ಕು ಯಾರದು ಎಂಬ ಪ್ರಶ್ನೆಯನ್ನೂ ಕೇಳಿ. ಚೆನ್ನಮ್ಮ ಪತ್ರದಲ್ಲಿ ಕೇಳಿದ್ದೂ, ಕತ್ತಿ ಹಿಡಿದು ಕೇಳಿದ್ದೂ ಅದನ್ನೇ.