ಮಡಕೆ ಚೂರಿಗೆ ಕುಲ ಯಾವುದು? ಗಾರ್ಡನ್ ಚೈಲ್ಡ್ ಎಂಬ ಮನುಷ್ಯನ ಕಥೆ

ನಮ್ಮ ಅಜ್ಜಿ ಮಣ್ಣು ತುಳಿಯುತ್ತಿದ್ದಳು. ಕಲ್ಲು ಆರಿಸುತ್ತಿದ್ದಳು. ಹಸಿ ಮಡಕೆಯ ತಳವನ್ನು ತಟ್ಟಿ ತಟ್ಟಿ ದುಂಡಗೆ ಮಾಡುತ್ತಿದ್ದಳು, ಕೆಮ್ಮಣ್ಣು ಬಳಿಯುತ್ತಿದ್ದಳು, ಆವಿಗೆಗೆ ಸೌದೆ ಹೊರುತ್ತಿದ್ದಳು, ಕೊನೆಗೆ ಸಂತೆಗೆ ಹೊತ್ತು ಮಾರುತ್ತಿದ್ದವಳೂ ಅವಳೇ. ಆದರೆ ತಿಗರಿ ಮಾತ್ರ ಮುಟ್ಟುತ್ತಿರಲಿಲ್ಲ. ತಿಗರಿ ತಾತನದ್ದು. ಯಾಕೆ ಅಂತ ಕೇಳಿದರೆ ಹೆಂಗಸರು ಮುಟ್ಟಬಾರದು, ಹಿಂದಿನಿಂದಲೂ ಹಾಗೇ ಅನ್ನುತ್ತಿದ್ದಳು. ಹಿಂದಿನಿಂದ ಅಂದ್ರೆ ಎಷ್ಟು ಹಿಂದಿನಿಂದ? ಅದಕ್ಕೆ ಅವಳ ಹತ್ತಿರ ಉತ್ತರ ಇರಲಿಲ್ಲ. ನನ್ನ ಹತ್ತಿರವೂ ಇರಲಿಲ್ಲ.

ಡಿಗ್ರಿ ಓದುವಾಗ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯಲ್ಲಿ ನನಗೊಂದು ತೆಳು ಪೆಲಿಕನ್ ಪುಸ್ತಕ ಸಿಕ್ಕಿತು. 'ವಾಟ್ ಹ್ಯಾಪನ್ಡ್ ಇನ್ ಹಿಸ್ಟರಿ', 1942ರಲ್ಲಿ ಮೊದಲು ಬಂದದ್ದು. ಬರೆದವರು ವಿ. ಗಾರ್ಡನ್ ಚೈಲ್ಡ್. ರಾಜರು, ಯುದ್ಧಗಳು, ಇಸವಿಗಳು ಇರುತ್ತವೆ ಅಂತ ತೆರೆದರೆ ಒಳಗೆ ಬರೀ ಮಣ್ಣು, ಕಲ್ಲು, ಧಾನ್ಯ, ಮಡಕೆ. ಚರಿತ್ರೆಯಲ್ಲಿ ನಮ್ಮಜ್ಜಿಗೂ ಜಾಗ ಇರಬಹುದು ಎಂದು ನನಗೆ ಮೊದಲ ಸಲ ಅನಿಸಿದ್ದು ಆ ಪುಸ್ತಕ ಓದುವಾಗ. ಆಮೇಲೆ ಈ ಮನುಷ್ಯ ಯಾರು ಎಂದು ಹುಡುಕುತ್ತಾ ಹೋದೆ.

ಪಾದ್ರಿಯ ಮಗ, ಯುದ್ಧ ವಿರೋಧಿ

ಚೈಲ್ಡ್ ಹುಟ್ಟಿದ್ದು 1892ರಲ್ಲಿ, ಆಸ್ಟ್ರೇಲಿಯಾದ ಸಿಡ್ನಿಯಲ್ಲಿ. ಅಪ್ಪ ಚರ್ಚಿನ ಪಾದ್ರಿ. ಮಗ ಗ್ರೀಕ್, ಲ್ಯಾಟಿನ್ ಓದಿ 1914ರಲ್ಲಿ ಆಕ್ಸ್‌ಫರ್ಡ್‌ಗೆ ಹೋದರು. ಅಲ್ಲಿ ಸಿಕ್ಕ ಆಪ್ತ ಗೆಳೆಯ ರಜನಿ ಪಾಮ್ ದತ್. ಬಂಗಾಳಿ ಅಪ್ಪ, ಸ್ವೀಡನ್ನಿನ ಅಮ್ಮ. ಮುಂದೆ ಬ್ರಿಟನ್ನಿನ ಕಮ್ಯುನಿಸ್ಟ್ ಪಕ್ಷದ ದೊಡ್ಡ ನಾಯಕರಾದವರು. ಮೊದಲ ಮಹಾಯುದ್ಧ ನಡೆಯುತ್ತಿತ್ತು. ಸೇನೆಗೆ ಸೇರಲು ಒಪ್ಪದೆ ದತ್ ಜೈಲು ಸೇರಿದರು. ಚೈಲ್ಡ್ ಕೂಡ ಯುದ್ಧ ವಿರೋಧಿಗಳ ಜೊತೆ ನಿಂತರು.

ಆದರೆ ಆಕ್ಸ್‌ಫರ್ಡ್‌ನಲ್ಲಿ ಅವರು ತಲೆ ಕೆಡಿಸಿಕೊಂಡಿದ್ದು ಒಂದು ಬೂದು ಬಣ್ಣದ ಮಡಕೆಯ ಬಗ್ಗೆ. ಪ್ರಾಚೀನ ಗ್ರೀಸಿನಲ್ಲಿ ಸಿಗುವ 'ಮಿನ್ಯನ್' ಮಡಕೆ ಅದು. ಗ್ರೀಕ್ ಭಾಷೆಯಾಡುವ ಜನ ಆ ನೆಲಕ್ಕೆ ಎಲ್ಲಿಂದ ಬಂದರು? ಮಡಕೆಯ ಜಾಡು ಹಿಡಿದು ಹೋದರೆ ಭಾಷೆಯ ತವರು ಸಿಗುತ್ತದಾ? 23ರ ಹರೆಯದ ಆಸೆ ನೋಡಿ! ಅವರು ಬಯಸಿದ ಉತ್ತರ ಮಡಕೆಯಿಂದ ಬರಲಿಲ್ಲ. ಆದರೆ ಬದುಕಿಡೀ ಬೆನ್ನು ಬಿಡದ ಪ್ರಶ್ನೆಯೊಂದು ಅಂಟಿಕೊಂಡಿತು: ಮಡಕೆ ಹೇಳುವುದಾದರೂ ಏನನ್ನು? ಏನನ್ನು ಹೇಳುವುದಿಲ್ಲ?

1917ರಲ್ಲಿ ಊರಿಗೆ ಮರಳಿದರು. ಸಿಡ್ನಿ ವಿಶ್ವವಿದ್ಯಾಲಯದ ವಸತಿ ಕಾಲೇಜೊಂದರಲ್ಲಿ ಕೆಲಸ ಸಿಕ್ಕಿತು. ಮರುವರ್ಷ ಶಾಂತಿ ಸಮ್ಮೇಳನವೊಂದರಲ್ಲಿ ಮಾತಾಡಿದ್ದಕ್ಕೆ ಆ ಕೆಲಸ ಹೋಯಿತು. ಇನ್ನೊಂದು ಬೋಧಕ ಹುದ್ದೆಗೂ ವಿಶ್ವವಿದ್ಯಾಲಯದ ಆಡಳಿತ ಅಡ್ಡಗಾಲು ಹಾಕಿತು. ಸರ್ಕಾರದ ಗುಪ್ತಚರರು ಅವರ ಕಾಗದಗಳನ್ನು ಒಡೆದು ಓದುತ್ತಿದ್ದರು. ಅಭಿಪ್ರಾಯ ಇಟ್ಟುಕೊಂಡಿದ್ದಕ್ಕೆ ಕ್ಯಾಂಪಸ್ಸಿನಿಂದ ಹೊರಬೀಳುವುದು ಇವತ್ತಿನ ಕಥೆ ಅಷ್ಟೇ ಅಲ್ಲ, ಗೊತ್ತಿರಲಿ.

ಮೇಷ್ಟ್ರ ಕೆಲಸ ಸಿಗದವರು ರಾಜಕಾರಣಕ್ಕೆ ಬಂದರು. ನ್ಯೂ ಸೌತ್ ವೇಲ್ಸ್ ರಾಜ್ಯದ ಲೇಬರ್ ನಾಯಕ ಜಾನ್ ಸ್ಟೋರಿ ಅವರಿಗೆ ಆಪ್ತ ಕಾರ್ಯದರ್ಶಿಯಾದರು. ಸ್ಟೋರಿ 1920ರಲ್ಲಿ ಪ್ರೀಮಿಯರ್ ಆದರು. ಅಧಿಕಾರವನ್ನು ಚೈಲ್ಡ್ ಹತ್ತಿರದಿಂದ ನೋಡಿದ್ದು ಆಗಲೇ. 1921ರಲ್ಲಿ ಸ್ಟೋರಿ ತೀರಿಕೊಂಡರು, ಮರುವರ್ಷ ಸರ್ಕಾರ ಬದಲಾಯಿತು, ಅಷ್ಟರಲ್ಲಿ ಲಂಡನ್ನಿನ ಕಚೇರಿಗೆ ವರ್ಗವಾಗಿದ್ದ ಚೈಲ್ಡ್ ಮತ್ತೆ ನಿರುದ್ಯೋಗಿ. ಅವರ ಮೊದಲ ಪುಸ್ತಕ ಬಂದದ್ದು 1923ರಲ್ಲಿ, ಹೆಸರು 'ಹೌ ಲೇಬರ್ ಗವರ್ನ್ಸ್'. ಕಾರ್ಮಿಕರ ವೋಟಿನಿಂದ ಗೆದ್ದವರು ಕುರ್ಚಿ ಸಿಕ್ಕ ಮೇಲೆ ಕಾರ್ಮಿಕರನ್ನು ಹೇಗೆ ಮರೆಯುತ್ತಾರೆ ಎಂಬುದು ಅದರ ಸಾರ. ಅದರಲ್ಲಿ ಒಂದೇ ಒಂದು ಮಡಕೆ ಚೂರಿಲ್ಲ. ಆದರೂ ಮುಂದೆ ಅವರು ಕೇಳಿದ ಪ್ರಶ್ನೆಯ ಬೇರು ಅಲ್ಲೇ ಇದೆ ಅಂತ ನನಗನಿಸುತ್ತದೆ: ಎಲ್ಲರೂ ಸೇರಿ ದುಡಿದದ್ದು ಕೆಲವರ ಕೈಗೆ ಹೋಗುವುದು ಎಲ್ಲಿಂದ ಶುರುವಾಯಿತು?

ಮಣ್ಣು ಮಡಕೆಯಾಗುವುದು ಅಂದರೆ

ಗ್ರಂಥಪಾಲಕನ ಕೆಲಸ ಮಾಡಿಕೊಂಡು, ಯುರೋಪಿನ ಮ್ಯೂಸಿಯಂಗಳನ್ನು ಸುತ್ತಿ, 1925ರಲ್ಲಿ 'ದಿ ಡಾನ್ ಆಫ್ ಯುರೋಪಿಯನ್ ಸಿವಿಲೈಸೇಶನ್' ಬರೆದರು. 1927ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯ ಪ್ರೊಫೆಸರ್ ಹುದ್ದೆ ಕೊಟ್ಟಿತು. 1936ರಲ್ಲಿ ಬಂದ 'ಮ್ಯಾನ್ ಮೇಕ್ಸ್ ಹಿಮ್‌ಸೆಲ್ಫ್' ಪುಸ್ತಕದಲ್ಲಿ 'ನವಶಿಲಾಯುಗದ ಕ್ರಾಂತಿ' ಎಂಬ ಮಾತನ್ನು ಜನಪ್ರಿಯಗೊಳಿಸಿದರು. ಬೇಟೆ, ಗೆಡ್ಡೆಗೆಣಸು ನಂಬಿದ್ದ ಮನುಷ್ಯರು ಬಿತ್ತನೆ, ದನಕರು ಸಾಕಣೆಗೆ ತಿರುಗಿದ್ದು ಕೈಗಾರಿಕಾ ಕ್ರಾಂತಿಯಷ್ಟೇ ದೊಡ್ಡ ಪಲ್ಲಟ ಎಂಬುದು ಅವರ ವಾದ.

ಆ ಕಥೆಯಲ್ಲಿ ಮಡಕೆಗೆ ದೊಡ್ಡ ಪಾತ್ರ. ಜೇಡಿ ಮಣ್ಣನ್ನು ಬಿಸಿಲಲ್ಲಿ ಒಣಗಿಸಿ ನೀರಿಗೆ ಹಾಕಿ, ಮತ್ತೆ ಕೆಸರಾಗುತ್ತದೆ. ಅದನ್ನೇ ಚೆನ್ನಾಗಿ ಬೆಂಕಿಯಲ್ಲಿ ಸುಟ್ಟರೆ ಮಣ್ಣಿನ ಕಣದೊಳಗೆ ಕಟ್ಟಿಕೊಂಡಿದ್ದ ನೀರೂ ಹೋಗಿ ಅದು ಬೇರೆಯೇ ವಸ್ತುವಾಗುತ್ತದೆ. ಇನ್ನದು ಕರಗುವುದಿಲ್ಲ. ಒಂದು ವಸ್ತುವನ್ನು ಬೇಕೆಂದೇ ಇನ್ನೊಂದು ವಸ್ತುವಾಗಿಸಿದ ಮನುಷ್ಯರ ಮೊದಮೊದಲ ರಸಾಯನಶಾಸ್ತ್ರ ಇದು ಎಂದು ಚೈಲ್ಡ್ ಕಂಡರು. ಯಾವ ಮಣ್ಣಿಗೆ ಎಷ್ಟು ಮರಳು ಬೆರೆಸಬೇಕು, ಎಷ್ಟು ಹೊತ್ತು ಒಣಗಬೇಕು, ಬೆಂಕಿ ಎಷ್ಟಿರಬೇಕು — ಇದು ಒಬ್ಬರ ಜಾಣತನವಲ್ಲ, ತಲೆಮಾರುಗಳಿಂದ ಬಂದ ತಿಳಿವಳಿಕೆ. ಹಾಗಾಗಿ ಪ್ರತಿ ಮಡಕೆಯಲ್ಲೂ ಒಂದಿಡೀ ಸಮುದಾಯದ ಕಲಿಕೆ ಇರುತ್ತದೆ.

ಆ ತಿಳಿವಳಿಕೆ ಯಾರದ್ದು? ತಮ್ಮ ಕಾಲದಲ್ಲಿ ಕೈಯಿಂದಲೇ ಮಡಕೆ ಮಾಡುತ್ತಿದ್ದ ಸಮುದಾಯಗಳನ್ನು ನೋಡಿ, ಮೊದಲು ಮಡಕೆ ಮಾಡಿದವರು ಹೆಣ್ಣುಮಕ್ಕಳು ಎಂದರು ಚೈಲ್ಡ್. ತಾಯಿ ಮಗಳಿಗೆ ಕಲಿಸುವ ಮನೆಗೆಲಸ ಅದು. ಆಮೇಲೆ ಪಟ್ಟಣ ಬಂತು, ತಿಗರಿ ಬಂತು. ದಿನಗಟ್ಟಲೆ ಹಿಡಿಯುತ್ತಿದ್ದ ಕೆಲಸ ನಿಮಿಷಗಳಲ್ಲಿ ಮುಗಿಯತೊಡಗಿತು. ಮಡಕೆ ಮಾರಾಟದ ಸರಕಾಯಿತು, ಕಸುಬು ಗಂಡಸಿನ ಕೈಗೆ ಹೋಯಿತು. ಅದೇ ಹೊತ್ತಿಗೆ ಹೆಚ್ಚುವರಿ ಧಾನ್ಯ ದೇವಸ್ಥಾನ, ಅರಮನೆಯ ಕಣಜ ಸೇರತೊಡಗಿತು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮಜ್ಜಿಯ ಹಿಂದಿನಿಂದಲೂ ಎಂಬ ಮಾತಿಗೂ ಒಂದು ಶುರು ಇತ್ತು ಅಂತಾಯ್ತಲ್ಲ.

ಸ್ಕಾರಾ ಬ್ರೇ ಕಲಿಸಿದ ಪಾಠ

1928ರಿಂದ 1930ರವರೆಗೆ ಚೈಲ್ಡ್ ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪದ ಸ್ಕಾರಾ ಬ್ರೇಯಲ್ಲಿ ಅಗೆತ ನಡೆಸಿದರು. ಮರಳಲ್ಲಿ ಮುಚ್ಚಿಹೋಗಿದ್ದ ಊರು. ಮರ ಸಿಗದ ಜಾಗವಾದ್ದರಿಂದ ಮಂಚವೂ ಕಲ್ಲಿನದ್ದು, ಕಪಾಟೂ ಕಲ್ಲಿನದ್ದು. ಮನೆಗಳೆಲ್ಲ ಹೆಚ್ಚುಕಮ್ಮಿ ಒಂದೇ ಅಳತೆ, ನಡುವೆ ಒಲೆ, ಮನೆಯಿಂದ ಮನೆಗೆ ಮುಚ್ಚಿದ ಓಣಿ. ಗೌಡನ ಮನೆ ಅಂತ ಬೇರೆ ಕಾಣಲಿಲ್ಲ. ಮಾರ್ಕ್ಸ್‌ವಾದಿ ಚೈಲ್ಡ್‌ಗೆ ಅಲ್ಲಿ ಮೇಲು ಕೀಳಿಲ್ಲದ ಸಮಾಜವೊಂದು ಕಂಡಿತು.

ಆದರೆ ಕಾಲದ ಲೆಕ್ಕದಲ್ಲಿ ಎಡವಿದರು. ಇದು ಕಬ್ಬಿಣ ಯುಗದ ಪಿಕ್ಟ್ ಜನರ ಹಳ್ಳಿ ಎಂದು 1931ರ ಪುಸ್ತಕದಲ್ಲಿ ಬರೆದರು. ತಪ್ಪನ್ನು ತೋರಿಸಿಕೊಟ್ಟಿದ್ದು ಮಡಕೆ! ಗೀರು ಗೀರಿನ ಅಲಂಕಾರದ ಅದೇ ಬಗೆಯ ಚೂರುಗಳು ಇಂಗ್ಲೆಂಡಿನ ಎಸೆಕ್ಸ್ ಕರಾವಳಿಯ ನವಶಿಲಾಯುಗದ ನೆಲೆಯಲ್ಲೂ ಇರುವುದನ್ನು 1936ರಲ್ಲಿ ಸ್ಟುವರ್ಟ್ ಪಿಗಟ್ ಗುರುತಿಸಿದರು. ಚೈಲ್ಡ್ ಹಟ ಹಿಡಿಯಲಿಲ್ಲ. 1938ರಲ್ಲಿ ಆರ್ಕ್ನಿಯ ರಿನ್ಯೋ ಎಂಬಲ್ಲಿ ಸಿಕ್ಕ ಸಾಕ್ಷ್ಯ ನೋಡಿ ತಮ್ಮ ಮಾತು ಬದಲಿಸಿಕೊಂಡರು. ಆ ಊರು ಸುಮಾರು 5000 ವರ್ಷ ಹಳೆಯದು ಎಂದು ಈಗ ನಮಗೆ ಗೊತ್ತು.

ಆ ಅಗೆತದ ಒಂದು ಹಳೇ ಫೋಟೋ ಇದೆ. ಚೈಲ್ಡ್ ಜೊತೆ ನಾಲ್ವರು ಯುವತಿಯರು. ಎಷ್ಟೋ ವರ್ಷ ಅವರನ್ನು ನೋಡಲು ಬಂದ ಪ್ರವಾಸಿಗರು ಅಂತಲೇ ಜನ ಅಂದುಕೊಂಡಿದ್ದರು. ಇತ್ತೀಚೆಗಷ್ಟೇ ತಿಳಿಯಿತು, ಅವರು ಅಲ್ಲಿ ಅಗೆದವರು. ಐದು ಸಾವಿರ ವರ್ಷದ ಹಿಂದಿನ ಹೆಂಗಸರ ಕೆಲಸ ಮರೆಯುವುದು ಹಾಗಿರಲಿ, 90 ವರ್ಷದ ಹಿಂದಿನದನ್ನೂ ನಾವು ಮರೆಯುತ್ತೇವೆ.

ಮಡಕೆಯನ್ನು ಬಾವುಟ ಮಾಡಿದವರು

ಈಗ ಮುಜುಗರದ ಭಾಗಕ್ಕೆ ಬರೋಣ. ಒಂದೇ ಬಗೆಯ ಮಡಕೆ, ಉಪಕರಣ, ಒಡವೆ, ಮನೆ, ಶವಸಂಸ್ಕಾರ ಮತ್ತೆ ಮತ್ತೆ ಒಟ್ಟಿಗೆ ಸಿಕ್ಕರೆ ಅದೊಂದು 'ಸಂಸ್ಕೃತಿ', ಅದರ ಹಿಂದೆ ಒಂದು ಜನ ಇದ್ದರು ಎಂಬುದು ಚೈಲ್ಡ್ ಬಳಸಿದ ಸೂತ್ರ. ಇದರ ಬೇರು ಜರ್ಮನಿಯ ಗುಸ್ತಾಫ್ ಕೊಸಿನ್ನಾ ಹತ್ತಿರವಿತ್ತು. ಕೊಸಿನ್ನಾಗೆ ಮಡಕೆ ಅಂದರೆ ಜನಾಂಗ, ಜನಾಂಗ ಅಂದರೆ ರಕ್ತ. ಜರ್ಮನ್ನರ ಪೂರ್ವಜರ ಚೂರು ಎಲ್ಲೆಲ್ಲಿ ಸಿಗುತ್ತದೋ ಅದೆಲ್ಲ ಜರ್ಮನ್ ನೆಲ. ಅವರು 1931ರಲ್ಲಿ ಸತ್ತರು, ವಾದವನ್ನು ನಾಜಿಗಳು ಎತ್ತಿಕೊಂಡರು.

ಚೈಲ್ಡ್ ಕೂಡ ಪೂರ್ತಿ ಶುದ್ಧ ಕೈಯವರಲ್ಲ. 1926ರ 'ದಿ ಆರ್ಯನ್ಸ್' ಪುಸ್ತಕದ ಕೊನೆಯಲ್ಲಿ ನಾರ್ಡಿಕ್ ಮೈಕಟ್ಟನ್ನು ಹೊಗಳಿದ್ದು ಇವತ್ತು ಓದಿದರೂ ಕಸಿವಿಸಿಯಾಗುತ್ತದೆ. ಆದರೆ ಹಿಟ್ಲರ್ ಬಂದ 1933ರಲ್ಲೇ ಅವರು ಬಹಿರಂಗವಾಗಿ ತಿರುಗಿ ನಿಂತರು. ಸಂಸ್ಕೃತಿ ಕಲಿತದ್ದು, ಹುಟ್ಟಿನಿಂದ ಬಂದದ್ದಲ್ಲ. ಅದನ್ನು ಜನಾಂಗದ ಜೊತೆ ಗಂಟು ಹಾಕಬೇಡಿ ಎಂದು ಬರೆದರು, ಪಾಠ ಮಾಡಿದರು. ಪ್ರಾಗಿತಿಹಾಸ ಅಂದರೆ ಮ್ಯೂಸಿಯಂ ಕಪಾಟಿನ ವಿಷಯ, ರಾಜಕೀಯಕ್ಕೆ ಸಂಬಂಧವಿಲ್ಲ ಅನ್ನುವವರಿಗೆ ನಾನು ಈ ವರ್ಷವನ್ನು ನೆನಪಿಸುತ್ತೇನೆ.

ಅವರ ಎಲ್ಲ ವಾದಗಳೂ ಉಳಿದಿಲ್ಲ. ಜೆರಿಕೋದಲ್ಲಿ ಮಡಕೆಯೇ ಇಲ್ಲದ ಬೇಸಾಯಗಾರರ ಪದರಗಳನ್ನು ಕ್ಯಾಥಲೀನ್ ಕೆನ್ಯನ್ 1950ರ ದಶಕದಲ್ಲಿ ತೋರಿಸಿದರು. ಚೀನಾದಲ್ಲಿ ಬೇಸಾಯ ಗೊತ್ತಿಲ್ಲದ ಬೇಟೆಗಾರರು ಸುಮಾರು 20,000 ವರ್ಷದ ಹಿಂದೆಯೇ ಮಡಕೆ ಮಾಡಿದ್ದರು. ಡ್ಯಾನ್ಯೂಬ್ ಕಣಿವೆಯ ಮೊದಲ ಬೇಸಾಯಗಾರರು ಶಾಂತಿಪ್ರಿಯರು ಎಂದುಕೊಂಡಿದ್ದರು ಚೈಲ್ಡ್. ಅದೇ ಗೆರೆ ಮಡಕೆಯ ಜನರ ಕಾಲದ ಹೊಂಡವೊಂದು ಜರ್ಮನಿಯ ಟಾಲ್‌ಹೈಮ್‌ನಲ್ಲಿ ಸಿಕ್ಕಿತು. ಒಳಗೆ ಹೊಡೆದು ಕೊಂದ 34 ಜನರ ಎಲುಬು, ಮಕ್ಕಳದ್ದೂ ಸೇರಿ. ಇನ್ನು ಮಡಕೆ ಹೆಂಗಸರದ್ದೇ ಎಂಬ ಮಾತು? ಆರ್ಕ್ನಿಯಲ್ಲೇ ಸಿಕ್ಕ ಒಂದು ಚೂರಿನ ಮೇಲಿನ ಬೆರಳ ಗುರುತು ಹುಡುಗರದ್ದಿರಬೇಕು ಎನ್ನುತ್ತಾರೆ ಅಧ್ಯಯನ ಮಾಡಿದವರು. ಮತ್ತೊಂದು ಕಡೆ, ಚೈಲ್ಡ್ ಊಹಿಸಲೂ ಆಗದಿದ್ದನ್ನು ಮಡಕೆ ಈಗ ಹೇಳುತ್ತಿದೆ. ಪೋಲೆಂಡಿನ ತೂತು ತೂತಿನ ಮಡಕೆಗಳ ಗೋಡೆಯಲ್ಲಿ ಹಾಲಿನ ಕೊಬ್ಬು ಸಿಕ್ಕಿದೆ, ಏಳು ಸಾವಿರ ವರ್ಷದ ಹಿಂದೆ ಅಲ್ಲಿ ಗಿಣ್ಣು ಸೋಸುತ್ತಿದ್ದರು.

ಇದರಿಂದ ಚೈಲ್ಡ್ ಸಣ್ಣವರಾಗುತ್ತಾರಾ? ನನಗೆ ಹಾಗನಿಸಲ್ಲ. ಅವರು ಕೇಳಿದ ಪ್ರಶ್ನೆಗಳಿಗೇ ಇವೆಲ್ಲ ಉತ್ತರ.

ಕೊನೆಯ ಅಧ್ಯಾಯ, ಮತ್ತು ಬ್ರಹ್ಮಗಿರಿ

1946ರಲ್ಲಿ ಅವರು ಲಂಡನ್ನಿನ ಇನ್‌ಸ್ಟಿಟ್ಯೂಟ್ ಆಫ್ ಆರ್ಕಿಯಾಲಜಿಯ ನಿರ್ದೇಶಕರಾದರು. ಅದನ್ನು ಕಟ್ಟಿದವರು ಮಾರ್ಟಿಮರ್ ಮತ್ತು ಟೆಸ್ಸಾ ವೀಲರ್. ಅದೇ ಮಾರ್ಟಿಮರ್ ವೀಲರ್ 1947ರಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆದರು. ಕೆಳಗಿನ ಪದರದಲ್ಲಿ ಕಲ್ಲಿನ ಕೊಡಲಿ, ಕೈಯಿಂದ ಮಾಡಿದ ಬೂದು ಮಡಕೆ, ಮಡಕೆಯೊಳಗೆ ಮಲಗಿಸಿ ಹೂತ ಕೂಸುಗಳು. ಮೇಲಿನ ಪದರದಲ್ಲಿ ಕಬ್ಬಿಣ, ತಿಗರಿಯ ಮೇಲೆ ತಿರುಗಿದ ಕಪ್ಪು-ಕೆಂಪು ಮಡಕೆ.

ಚೈಲ್ಡ್ 1956ರಲ್ಲಿ ನಿವೃತ್ತರಾಗಿ, ಮರುವರ್ಷ ಆಸ್ಟ್ರೇಲಿಯಾಕ್ಕೆ ಮರಳಿದರು. ಮದುವೆಯಾಗಿರಲಿಲ್ಲ. ಅದೇ ಅಕ್ಟೋಬರ್ 19ರಂದು, ಸಿಡ್ನಿ ಹತ್ತಿರದ ಬ್ಲೂ ಮೌಂಟನ್ಸ್‌ನಲ್ಲಿ ತಮ್ಮ ಬದುಕನ್ನು ತಾವೇ ಮುಗಿಸಿಕೊಂಡರು. ವಯಸ್ಸಾದವರು ಸಮಾಜಕ್ಕೆ ಹೊರೆ ಎಂಬ ಅರ್ಥದ ಪತ್ರ ಬಿಟ್ಟಿದ್ದರು; ಅದು ಪ್ರಕಟವಾದದ್ದು 1980ರಲ್ಲಿ. ಅವರ ಎಷ್ಟೋ ಮಾತು ಒಪ್ಪುವ ನಾನು ಇದನ್ನು ಮಾತ್ರ ಒಪ್ಪಲಾರೆ. ತಲೆಮಾರಿನಿಂದ ತಲೆಮಾರಿಗೆ ಹೋಗುವ ತಿಳಿವಳಿಕೆಯೇ ಮನುಷ್ಯರನ್ನು ಮನುಷ್ಯರನ್ನಾಗಿಸಿತು ಎಂದವರು ಅವರೇ. ಆ ತಿಳಿವಳಿಕೆ ಇರುವುದು ಮುದುಕ ಮುದುಕಿಯರ ಹತ್ತಿರ ಅಲ್ವಾ?

ಹೋದ ಚಳಿಗಾಲದಲ್ಲಿ ಬಳ್ಳಾರಿ ಪಕ್ಕದ ಸಂಗನಕಲ್ಲು ಗುಡ್ಡಕ್ಕೆ ಗೆಳೆಯರ ಜೊತೆ ಹೋಗಿದ್ದೆ. ಅದೂ ನವಶಿಲಾಯುಗದವರ ಊರು. ಕಾಲಡಿ ಒಂದು ಬೂದು ಚೂರು. ಗೆಳೆಯನೊಬ್ಬ ಇವರು ಯಾರು ಮಾರಾಯ, ಆರ್ಯರಾ ದ್ರಾವಿಡರಾ, ನಮ್ಮವರಾ ಎಂದು ಕೇಳಿದ. ವಾಟ್ಸಾಪಿನಲ್ಲಿ ದಿನಾ ನಡೆಯುವ ಜಗಳ ಗುಡ್ಡದ ಮೇಲೂ ಬಂತು. ನಾನು ಚೂರನ್ನು ತಿರುಗಿಸಿ ನೋಡಿದೆ. ಯಾವ ಭಾಷೆ ಎಂದು ಅದು ಹೇಳಲಿಲ್ಲ, ಯಾವ ಕುಲ ಎಂದೂ ಹೇಳಲಿಲ್ಲ. ಒಳಮೈಯಲ್ಲಿ ಯಾರೋ ಹಸಿ ಮಣ್ಣನ್ನು ಒತ್ತಿದ ಗುಳಿ ಮಾತ್ರ ಇತ್ತು. ನನ್ನ ಹೆಬ್ಬೆರಳು ಅದರಲ್ಲಿ ಸರಿಯಾಗಿ ಕೂತಿತು. ತಿಗರಿ ಇರಲಿಲ್ಲ, ಮುಟ್ಟಬೇಡ ಅನ್ನುವವರಿದ್ದರೋ ಇಲ್ಲವೋ. ಚೂರನ್ನು ಸಿಕ್ಕ ಜಾಗದಲ್ಲೇ ಇಟ್ಟು ಬಂದೆ.