ಕಿಟ್ಟೆಲರ ಕಿವಿ

ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲರ ಹೆಸರನ್ನು ಕೇಳದ ಕನ್ನಡ ವಿದ್ಯಾರ್ಥಿ ಇರಲಾರನು. ಅವರ ನಿಘಂಟನ್ನು ಕನ್ನಡ ಪದದ ಅರ್ಥವರಿಯಲೆಂದು ತೆರೆಯುವುದು ನಮ್ಮಲ್ಲಿ ರೂಢಿ. ಅದೇ ಗ್ರಂಥವನ್ನು ಇಂಗ್ಲಿಷ್ ಕಲಿಯಲೆಂದು ತೆರೆಯಬಹುದೆಂಬುದು ಬಹುಮಂದಿಗೆ ಹೊಳೆದಿರಲಾರದು. ಚಿತ್ರದುರ್ಗದಲ್ಲಿ ನನ್ನ ಬಳಿ ಓದಲು ಬರುವವರಲ್ಲಿ ಹೆಚ್ಚಿನವರು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಹಳ್ಳಿಗಳ ಮಕ್ಕಳು. ಮನೆಯಲ್ಲಿ ಅವರಾಡುವ ಕನ್ನಡದಲ್ಲಿ ಸದ್ದಿಗೆ ಎಷ್ಟು ಹೆಸರುಗಳಿವೆಯೆಂದು ಅವರೇ ಎಣಿಸಿಲ್ಲ. ತೆಂಗಿನ ಗರಿ ಬಿದ್ದ ಸಪ್ಪಳ ಬೇರೆ, ಸಂತೆಯ ಗದ್ದಲ ಬೇರೆ, ಬಾಗಿಲು ಕಿರ್ರೆಂದದ್ದು ಬೇರೆ. ಇಂಗ್ಲಿಷಿನಲ್ಲಿ ಬರೆಯಲು ಕುಳಿತಾಗ ಮಾತ್ರ ಇವೆಲ್ಲವೂ ಸೌಂಡ್, ನಾಯ್ಸ್ ಎಂಬ ಎರಡೇ ಮಾತುಗಳೊಳಗೆ ಅಡಗಿಬಿಡುತ್ತವೆ. ಊರಿನ ಕನ್ನಡವು ಪರೀಕ್ಷೆಗೆ ಬಾರದ ಸರಕೆಂದು ಆ ಮಕ್ಕಳು ತೀರ್ಮಾನಿಸುವುದೂ ಆಗಲೇ. ಆ ತೀರ್ಮಾನ ಒಮ್ಮೆ ಬೇರೂರಿತೆಂದರೆ ಎರಡು ಭಾಷೆಗಳೂ ಕೈಬಿಡುತ್ತವೆ. ಆದುದರಿಂದಲೇ ಕಿಟ್ಟೆಲರ ಜೀವನವೃತ್ತಾಂತವನ್ನು ಅವರಿಗೆ ನಾನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತ ಬಂದಿದ್ದೇನೆ. ಏಕೆಂದರೆ ಕನ್ನಡವಿರಲಿ, ಇಂಗ್ಲಿಷೂ ಆ ಮಹನೀಯರ ತಾಯ್ನುಡಿಯಾಗಿರಲಿಲ್ಲ.

ಅವರು ಹುಟ್ಟಿದ್ದು 1832ರ ಏಪ್ರಿಲ್ 7ರಂದು, ಜರ್ಮನಿಯ ವಾಯವ್ಯ ಮೂಲೆಯಲ್ಲಿ, ಉತ್ತರ ಸಮುದ್ರದ ಅಂಚಿಗಿರುವ ಪೂರ್ವ ಫ್ರೀಸಿಯದ ರೆಸ್ಟರ್‌ಹಾಫೆ ಎಂಬ ಸಣ್ಣ ಊರಿನಲ್ಲಿ. ಗುಡ್ಡವೆಂಬುದೇ ಕಾಣದ ಸಪಾಟು ನೆಲ. ಕಡಲಿನ ಗಾಳಿಗೆ ತಡೆಯೆಂಬುದಿಲ್ಲ. ಆವ್ರಿಕ್ ಪಟ್ಟಣದ ಶಾಲೆಯಲ್ಲಿ ಲ್ಯಾಟಿನ್, ಗ್ರೀಕ್, ಹೀಬ್ರೂ ಭಾಷೆಗಳ ಪರಿಚಯವಾಯಿತು. 1850ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನನ್ನು ಸೇರಿದರು. ಮೂರು ವರ್ಷಗಳ ತರುವಾಯ, ಇಪ್ಪತ್ತೊಂದರ ಹರೆಯದಲ್ಲಿ, ಮಂಗಳೂರಿಗೆ ಬಂದಿಳಿದರು.

ಬಂದ ಕೆಲಸವು ಮತಪ್ರಚಾರ. ಇದನ್ನು ಮರೆಮಾಚಿ ಕಿಟ್ಟೆಲರನ್ನು ಬರಿಯ ವಿದ್ವಾಂಸರೆಂದು ಚಿತ್ರಿಸುವುದು ಸತ್ಯಕ್ಕೆ ಅಪಚಾರ. ಆದರೆ ಧಾರವಾಡ, ಹುಬ್ಬಳ್ಳಿಗಳ ಕಡೆ ಊರೂರು ಅಲೆಯುತ್ತಿದ್ದ ಆ ತರುಣನ ಕಿವಿ ಮೆಲ್ಲಮೆಲ್ಲನೆ ಕನ್ನಡಕ್ಕೆ ಸೋತಿತು. ಮಂಗಳೂರ ಸಮಾಚಾರವನ್ನು 1843ರಲ್ಲಿ ಹೊರಡಿಸಿದ ಹರ್ಮನ್ ಮೋಗ್ಲಿಂಗರು ಅದಾಗಲೇ ಹಳೆಯ ಕಾವ್ಯಗಳನ್ನು ಅಚ್ಚಿಗೆ ತರುವ ಉದ್ಯಮವನ್ನು ನಡೆಸಿದ್ದರು. ಕಿಟ್ಟೆಲರು ಹಿಡಿದದ್ದು ಅದೇ ಹಾದಿ. 1862ರಲ್ಲಿ ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿಗೆ ಹೊಂದಿಸಿ ‘ಕಥಾಮಾಲೆ’ಯನ್ನು ರಚಿಸಿದರು. ಧರ್ಮವನ್ನು ಬೋಧಿಸಬಂದವರು ದೇಶೀಯರ ಛಂದಸ್ಸನ್ನು ಕಲಿಯುತ್ತ ಕೂಡುವುದು ಜೊತೆಯವರೆಲ್ಲರಿಗೂ ರುಚಿಸುವ ಮಾತಾಗಿರಲಿಲ್ಲ.

ಸಂಸಾರದಲ್ಲಿಯೂ ನೆಮ್ಮದಿ ಬೇಗ ದೊರೆಯಲಿಲ್ಲ. 1860ರಲ್ಲಿ ಕೈಹಿಡಿದ ಪೌಲಿನೆ ಐತ್ ನಾಲ್ಕೇ ವರ್ಷಗಳಲ್ಲಿ ತೀರಿಕೊಂಡರು. ಕೆಲವು ವರ್ಷಗಳಾದ ಮೇಲೆ ಆಕೆಯ ತಂಗಿ ಯೂಲಿಯೆಯನ್ನು ವಿವಾಹವಾದರು. ಮಂಗಳೂರು, ಮಡಿಕೇರಿಗಳಲ್ಲಿ ಬಾಳು ಸಾಗಿತು.

1872ರಲ್ಲಿ ಕಿಟ್ಟೆಲರು ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿ ಪ್ರಕಟಿಸಿದರು. ನಮ್ಮ ಪ್ರಸ್ತುತ ವಿಷಯಕ್ಕೆ ಇದು ಮುಖ್ಯವಾದ ಘಟನೆ. ಹದಿಮೂರನೆಯ ಶತಮಾನದ ಆ ವೈಯಾಕರಣನು ವ್ಯಾಕರಣವನ್ನು ಆರಂಭಿಸುವುದೇ ಸದ್ದಿನ ಹುಟ್ಟಿನಿಂದ. ಜೀವನ ಇಚ್ಛೆಯಿಂದ, ಅನುಕೂಲವಾದ ವಾಯುವಿನ ಪ್ರೇರಣೆಯಿಂದ, ಹೊಕ್ಕುಳಿನ ಮೂಲದಲ್ಲಿ ಕಹಳೆಯ ರೀತಿಯಲ್ಲಿ ಶಬ್ದದ್ರವ್ಯವು ಹುಟ್ಟುತ್ತದೆಂದೂ, ಅದರ ಬಣ್ಣ ಬಿಳಿಯೆಂದೂ ಆತನ ಮತ. ಸದ್ದಿಗೆ ಬಣ್ಣ ಕೊಟ್ಟವನ ಗ್ರಂಥವನ್ನು ಅಕ್ಷರ ಅಕ್ಷರವಾಗಿ ತಿದ್ದಿದವರು ಕನ್ನಡದ ಧ್ವನಿಗಳನ್ನು ಹಗುರವಾಗಿ ಎಣಿಸುವುದು ಸಾಧ್ಯವಿರಲಿಲ್ಲ. ಮೂರು ವರ್ಷಗಳ ಮೇಲೆ, 1875ರಲ್ಲಿ, ನಾಗವರ್ಮನ ‘ಛಂದೋಂಬುಧಿ’ಯೂ ಅವರ ಕೈಯಿಂದಲೇ ಹೊರಬಂದಿತು.

ಇಷ್ಟರಲ್ಲಿ ನಿಘಂಟಿನ ಕೆಲಸ ತೊಡಗಿತ್ತು. ಇದಕ್ಕೆ ಮುಂಚೆ ಬಳ್ಳಾರಿಯ ವಿಲಿಯಂ ರೀವ್ ಮಾಡಿದ್ದ ನಿಘಂಟಿತ್ತು. ಆದರೆ ಹಳಗನ್ನಡ, ನಡುಗನ್ನಡ, ಹೊಸಗನ್ನಡಗಳ ಜೊತೆಗೆ ಜನರ ಬಾಯಿಮಾತು, ಗಾದೆಗಳನ್ನೂ ಸೇರಿಸಿ, ಪ್ರತಿಯೊಂದು ಪದಕ್ಕೂ ತಮಿಳು, ತೆಲುಗು, ಮಲೆಯಾಳ, ತುಳುಗಳಲ್ಲಿ ಬಂಧುಗಳನ್ನು ಹುಡುಕುವ ಸಾಹಸವನ್ನು ಯಾರೂ ಕೈಗೊಂಡಿರಲಿಲ್ಲ. ಕನ್ನಡದ ಕಿವಿ ತಮಿಳಿನಲ್ಲಿ ಸೆವಿ, ತೆಲುಗಿನಲ್ಲಿ ಚೆವಿ, ತುಳುವಿನಲ್ಲಿ ಕೆಬಿ. ಒಂದೇ ಮನೆಯ ಮಕ್ಕಳು ಬೇರೆಬೇರೆ ಊರುಗಳಲ್ಲಿ ನೆಲೆಸಿದ ಹಾಗೆ.

ಈ ಕಾರ್ಯದ ಕಷ್ಟವನ್ನು ನಾವು ಸಾಮಾನ್ಯವಾಗಿ ಪುಟಗಳ ಲೆಕ್ಕದಲ್ಲಿ ಅಳೆಯುತ್ತೇವೆ. ಸುಮಾರು ಎಪ್ಪತ್ತು ಸಾವಿರ ಪದಗಳೆಂದು ಹೇಳಿ ಬೆರಗಾಗುತ್ತೇವೆ. ನನಗೆ ಬೆರಗೆನಿಸುವುದು ಬೇರೊಂದು. ಜರ್ಮನ್ ಭಾಷೆಯಲ್ಲಿ ಯೋಚಿಸಲು ಕಲಿತವರು ಕನ್ನಡದಲ್ಲಿ ಕೇಳಿ ಇಂಗ್ಲಿಷಿನಲ್ಲಿ ಬರೆಯಬೇಕಾಗಿತ್ತು. ಮರ, ಕಲ್ಲು, ಎತ್ತುಗಳಿಗೆ ಇದು ಸುಲಭ, ವಸ್ತು ಕಣ್ಣೆದುರಿಗಿದೆ. ಸದ್ದಿಗೇನು ಮಾಡುವುದು? ಜುಳುಜುಳು, ಗಿಜಿಗಿಜಿ, ದಡಬಡ, ಗುಸುಗುಸು, ಮಿಣ್ಣಗೆ ಎಂಬಂಥ ಮಾತುಗಳನ್ನು ಪಂಡಿತರ ಕೋಶಗಳು ಹೀನಾಯವಾಗಿ ಕಂಡು ಬಿಟ್ಟುಬಿಡುವುದುಂಟು. ಕಿಟ್ಟೆಲರು ಹಾಗೆ ಬಿಡಲಿಲ್ಲ. ಅನುಕರಣ ಶಬ್ದಗಳನ್ನು ಒಂದೊಂದಾಗಿ ದಾಖಲಿಸಿ, ಅವು ಅನುಕರಣವೆಂಬುದನ್ನು ಸೂಚಿಸಿ, ಒಪ್ಪುವ ಇಂಗ್ಲಿಷ್ ಮಾತು ಸಿಕ್ಕಲ್ಲಿ ಅದನ್ನೂ, ಸಿಕ್ಕದಲ್ಲಿ ಆ ಸದ್ದು ಯಾವುದರಿಂದ ಹುಟ್ಟುತ್ತದೆಂಬ ವಿವರಣೆಯನ್ನೂ ಕೊಟ್ಟರು.

ನಮ್ಮ ವಿದ್ಯಾರ್ಥಿಗಳಿಗೆ ಇಲ್ಲಿಯೇ ಪಾಠವಿದೆ. ಕನ್ನಡದಲ್ಲಿ ಸದ್ದುಮಾಡುವ ವಸ್ತು ತನ್ನ ಸದ್ದನ್ನು ತಾನೇ ‘ಎನ್ನುತ್ತದೆ’: ನೀರು ಜುಳುಜುಳು ಎನ್ನುತ್ತದೆ, ಎದೆ ಢವಢವ ಎನ್ನುತ್ತದೆ. ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಸದ್ದೇ ಕ್ರಿಯಾಪದವಾಗಿಬಿಡುತ್ತದೆ. ಎನ್ನುವುದಕ್ಕೆ ಅಲ್ಲಿ ಎಡೆಯಿಲ್ಲ. ಒಣಗಿದ ಎಲೆ ಸರಸರ ಎಂದರೆ ರಸಲ್, ಗೆಜ್ಜೆ ಘಲಘಲ ಎಂದರೆ ಟಿಂಕಲ್, ಹಳೆಯ ಬಾಗಿಲು ಕಿರ್ರೆಂದರೆ ಕ್ರೀಕ್, ಕಿವಿಯಲ್ಲಿ ಪಿಸುಗುಟ್ಟಿದರೆ ವಿಸ್ಪರ್. ದುರ್ಗದ ಸುತ್ತಿನ ಬೆಟ್ಟಗಳ ಮೇಲೆ ಸಾಲಾಗಿ ನಿಂತಿರುವ ಗಾಳಿಯಂತ್ರಗಳ ಬಳಿ ಹೋದವರಿಗೆ ಹಮ್ ಎಂಬ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿರಿಯೂರಿನ ವಾಣಿವಿಲಾಸ ಸಾಗರವು 1933ರ ಬಳಿಕ 2022ರಲ್ಲಿ ಮತ್ತೆ ಕೋಡಿಬಿದ್ದಾಗ ನೋಡಲು ನೆರೆದವರು ಕೇಳಿದ್ದು ರೋರ್. ಭೋರ್ಗರೆತವೆಂಬ ನಮ್ಮ ಮಾತೂ ಅದೇ ಅರ್ಥದ್ದು. ಇನ್ನು ಮರ್ಮರ್ ಎಂಬುದಂತೂ ಸ್ವಾರಸ್ಯವಾದದ್ದು. ಲ್ಯಾಟಿನಿನಿಂದ ಇಂಗ್ಲಿಷಿಗೆ ಬಂದ ಈ ಪದವೂ, ಒಣ ಎಲೆಗಳ ಸದ್ದಿಗೆ ಸಂಸ್ಕೃತದಲ್ಲಿರುವ ಮರ್ಮರವೂ ಕಿವಿಗೆ ಒಂದೇ. ಲ್ಯಾಟಿನ್, ಸಂಸ್ಕೃತ ಎರಡನ್ನೂ ಬಲ್ಲ ಕಿಟ್ಟೆಲರಂಥವರಿಗೆ ಇಂಥ ನಂಟುಗಳು ಎಷ್ಟು ಸಂತೋಷ ಕೊಟ್ಟಿರಬೇಕು!

ಕೇಳು ಎಂಬ ಒಂದು ಧಾತುವನ್ನು ನೋಡಿ. ಸದ್ದು ತಾನಾಗಿ ಕಿವಿಗೆ ಬಿದ್ದರೂ ಕೇಳುವುದೇ, ಮನಸ್ಸಿಟ್ಟು ಆಲಿಸಿದರೂ ಕೇಳುವುದೇ, ಪ್ರಶ್ನೆ ಹಾಕಿದರೂ, ಸಾಲ ಬೇಡಿದರೂ ಕೇಳುವುದೇ. ಇಂಗ್ಲಿಷಿನಲ್ಲಿ ಹಿಯರ್, ಲಿಸನ್, ಆಸ್ಕ್ ಎಂದು ಮೂರು ದಾರಿ ಹಿಡಿಯಬೇಕು. ಲಿಸನ್ ಎಂಬುದರ ನಡುವೆ ಬರೆಯುವಾಗ ಇರುವ ಟಿ ಅಕ್ಷರ ನುಡಿಯುವಾಗ ಬಾಯಿ ಮುಚ್ಚಿಕೊಂಡಿರುತ್ತದೆಂದು ಹೇಳಿದರೆ ಮಕ್ಕಳು ನಗುತ್ತಾರೆ, ಆಲಿಸಬೇಕಾದವರು ಸುಮ್ಮನಿರಬೇಕಲ್ಲವೆ! ಸುಮ್ಮನೆ ಎಂಬ ನಮ್ಮ ಮಾತೂ ಸಾಮಾನ್ಯವಲ್ಲ. ಸುಮ್ಮನೆ ಕುಳಿತವನು ಮೌನಿಯಾಗಿರಬಹುದು, ಕೆಲಸವಿಲ್ಲದವನಾಗಿರಬಹುದು. ಸುಮ್ಮನೆ ಬಂದವನಿಗೆ ಕಾರಣವೇ ಇರಲಾರದು. ಸೈಲೆಂಟ್ ಎಂಬ ಒಂದು ಪದ ಇಷ್ಟನ್ನೂ ಹೊರಲಾರದು. ಓಬವ್ವ ಕಿಂಡಿಯ ಬಳಿ ಒನಕೆ ಹಿಡಿದು ಉಸಿರು ಬಿಗಿಹಿಡಿದು ನಿಂತದ್ದು ಸೈಲೆನ್ಸ್. ನಡುಮಧ್ಯಾಹ್ನ ಕೋಟೆಯ ಬಂಡೆಗಳ ನಡುವೆ ಗಾಳಿಯೂ ನಿಂತುಬಿಟ್ಟಾಗ ಇರುವುದು ಸ್ಟಿಲ್‌ನೆಸ್. ಈ ಬೇರೆತನವು ಪುಸ್ತಕದಿಂದ ಮೊದಲು ತಿಳಿಯುವುದಿಲ್ಲ; ಅನುಭವಿಸಿದವನಿಗೆ ಪುಸ್ತಕವು ಹೆಸರನ್ನು ಕೊಡುತ್ತದೆ.

ಮೌನವಾಗಿಹೋದ ಅಕ್ಷರಗಳ ವಿಷಯದಲ್ಲಿ ಕಿಟ್ಟೆಲರು ಮಾಡಿದ ಉಪಕಾರವನ್ನು ಹೇಳದೆ ಮುಂದುವರಿಯಲಾರೆ. ಹಳಗನ್ನಡದ ಱ, ೞ ಎಂಬ ಎರಡು ಧ್ವನಿಗಳು ಕಾಲಕ್ರಮದಲ್ಲಿ ಕನ್ನಡಿಗರ ಬಾಯಿಂದಲೂ ಕಿವಿಯಿಂದಲೂ ಮರೆಯಾದವು. ಬದುಕುವುದೆಂಬ ಅರ್ಥದ ಬಾೞ್, ಕತ್ತಿಯೆಂಬ ಅರ್ಥದ ಬಾಳ್ ಎರಡೂ ಇಂದು ನಮಗೆ ಒಂದೇ. ತಿಳಿಯುವ ಅಱಿ, ಕತ್ತರಿಸುವ ಅರಿ ಹಾಗೆಯೇ. ಈ ಗೊಂದಲವನ್ನು ತಡೆಯಲೆಂದೇ ಕೇಶಿರಾಜನು ೞಕಾರವುಳ್ಳ ಶಬ್ದಗಳನ್ನು ಪಟ್ಟಿಮಾಡಿದ್ದನು. ಆರು ಶತಮಾನಗಳ ತರುವಾಯ ಕಡಲಾಚೆಯಿಂದ ಬಂದವರೊಬ್ಬರು ಆ ಅಕ್ಷರಗಳನ್ನು ನಿಘಂಟಿನಲ್ಲಿ ಮರಳಿ ಅವುಗಳ ಜಾಗದಲ್ಲಿ ಕೂರಿಸಿದರು. ನಾವು ಕೇಳಲಾರದ ಸದ್ದನ್ನು ಅವರು ಬರೆದಿಟ್ಟರು.

1877ರಲ್ಲಿ ಆರೋಗ್ಯ ಕೆಟ್ಟು ಕಿಟ್ಟೆಲರು ಜರ್ಮನಿಗೆ ಮರಳಿದರು. ನಿಘಂಟು ಅಪೂರ್ಣವಾಗಿತ್ತು. ದೂರದ ಊರಿನಲ್ಲಿ ಕುಳಿತು ಹಸ್ತಪ್ರತಿಗಳ ನೆರವಿನಿಂದ ಮಾತ್ರ ಜೀವಂತ ಭಾಷೆಯೊಂದರ ಕೋಶವನ್ನು ಮುಗಿಸುವುದು ಹೇಗೆ? ಐವತ್ತು ದಾಟಿದ ವಯಸ್ಸಿನಲ್ಲಿ, 1883ರಲ್ಲಿ, ಮತ್ತೆ ಹಡಗು ಹತ್ತಿದರು. ಈ ಎರಡನೆಯ ಪ್ರಯಾಣವೇ ಅವರ ಬಾಳಿನ ದೊಡ್ಡ ಕಾರ್ಯವೆಂದು ನನ್ನ ಅಭಿಪ್ರಾಯ. ಮೊದಲ ಸಲ ಅವರನ್ನು ಮಿಷನ್ ಕಳುಹಿಸಿತ್ತು. ಈ ಸಲ ಕರೆದದ್ದು ಕನ್ನಡ. ದೇಶೀಯ ಪಂಡಿತರ ಸಹಾಯದಿಂದ ಪದ ಪದವನ್ನೂ ಮತ್ತೆ ಪರಿಶೀಲಿಸಿದರು. ಸುಮಾರು ಒಂಬತ್ತು ವರ್ಷ ದುಡಿದು, ದೇಹ ಬಳಲಿ, 1892ರಲ್ಲಿ ಕೊನೆಯ ಬಾರಿ ಕನ್ನಡನಾಡನ್ನು ಬಿಟ್ಟರು.

ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನಿಂದ ಪ್ರಕಟವಾಯಿತು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವು ಗೌರವ ಡಾಕ್ಟರೇಟನ್ನಿತ್ತಿತು. ಅಲ್ಲಿಗೆ ವಿಶ್ರಮಿಸಬಹುದಾಗಿತ್ತು. ಆದರೆ ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಳಗೊಂಡ ವ್ಯಾಕರಣವೊಂದನ್ನು ಇಂಗ್ಲಿಷಿನಲ್ಲಿ ಬರೆಯಲು ತೊಡಗಿದರು. ಅದು 1903ರಲ್ಲಿ ಮಂಗಳೂರಿನಲ್ಲಿಯೇ ಅಚ್ಚಾಯಿತು. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜು, ಮರಿಯಪ್ಪ ಭಟ್ಟರು ಪರಿಷ್ಕರಿಸಿ ಮದರಾಸು ವಿಶ್ವವಿದ್ಯಾನಿಲಯವು 1968ರಿಂದ 1971ರವರೆಗೆ ನಾಲ್ಕು ಸಂಪುಟಗಳಲ್ಲಿ ಹೊರತಂದ ನಿಘಂಟು, ಇವೆಲ್ಲ ಬಹಳ ಮುಂದಿನ ಮಾತು.

ವ್ಯಾಕರಣವು ಹೊರಬಂದ ವರ್ಷದ ಡಿಸೆಂಬರಿನಲ್ಲಿಯೇ, ಮಂಗಳೂರಿಗೆ ಮೊದಲು ಕಾಲಿಟ್ಟ ಐವತ್ತು ವರ್ಷಗಳಿಗೆ, ಕಿಟ್ಟೆಲರು ಟ್ಯೂಬಿಂಗೆನ್ನಿನಲ್ಲಿ ಕಣ್ಣುಮುಚ್ಚಿದರು. ಆ ಐವತ್ತರಲ್ಲಿ ಮೂವತ್ತಮೂರು ವರ್ಷಗಳನ್ನು ಅವರು ಕಳೆದದ್ದು ಈ ನಾಡಿನಲ್ಲಿ; ಉಳಿದವುಗಳಲ್ಲಿ ಬಹುಭಾಗವು ಈ ನಾಡಿನ ಮಾತುಗಳ ಜೊತೆಯಲ್ಲಿಯೇ ಕಳೆಯಿತು.