ಗ್ರೇಸ್ ಹಾಪರ್

ಹುಬ್ಬಳ್ಳಿ-ಧಾರವಾಡದ ತಾಂತ್ರಿಕ ವಿದ್ಯಾಲಯಗಳಲ್ಲಿ ಕಲಿತ ಅನೇಕ ತರುಣ ತರುಣಿಯರು ಇಂದು ಸಾಫ್ಟ್‌ವೇರ್ ಉದ್ಯಮದಲ್ಲಿ ದುಡಿಯುತ್ತಿದ್ದಾರೆ. ಇನ್ಫೋಸಿಸ್ ಸಂಸ್ಥೆಯ ಆವರಣವೊಂದು ಹುಬ್ಬಳ್ಳಿಯಲ್ಲಿಯೇ ಇದೆ. ಬ್ಯಾಂಕಿನ ಲೆಕ್ಕಪತ್ರದಂತಹ ದೊಡ್ಡ ಕಾರ್ಯವನ್ನು ಕೈಗೊಳ್ಳುವಾಗ ಇಂತಹ ಉದ್ಯಮಗಳು ಮೊದಲು ಒಂದು ವಿಷಯವನ್ನು ನಿರ್ಧರಿಸಬೇಕು. ಗಣಕಯಂತ್ರಕ್ಕೆ ಆದೇಶಗಳನ್ನು ಯಾವ ಭಾಷೆಯಲ್ಲಿ ಬರೆಯಬೇಕು? ಅದನ್ನು ಆರಿಸಲು ಒರೆಗಲ್ಲು ಯಾವುದು? ಈ ಪ್ರಶ್ನೆಗೆ ದಾರಿ ತೋರಿದವರಲ್ಲಿ ಗ್ರೇಸ್ ಹಾಪರ್ ಅಗ್ರಗಣ್ಯರು.

ಹಾಪರ್ ಅವರು 1906ನೆಯ ಡಿಸೆಂಬರ್ 9ರಂದು ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಜನಿಸಿದರು. ಬಾಲ್ಯದಲ್ಲಿ ಮನೆಯ ಅಲಾರಾಂ ಗಡಿಯಾರಗಳನ್ನು ಒಂದೊಂದಾಗಿ ಬಿಚ್ಚಿ ಒಳಗನ್ನು ಪರೀಕ್ಷಿಸಿದ ಕುತೂಹಲಿ ಅವರು. ಅಧ್ಯಾಪಕಿಯಾಗಿದ್ದಾಗಲೇ 1934ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಡಾಕ್ಟರೇಟ್ ಪಡೆದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ನೌಕಾಪಡೆಯನ್ನು ಸೇರಬಯಸಿದಾಗ ವಯಸ್ಸು ಹೆಚ್ಚೆಂದೂ ತೂಕ ಕಡಿಮೆಯೆಂದೂ ಅಡ್ಡಿ ಬಂದಿತು. ಅವರು ಹಿಂಜರಿಯಲಿಲ್ಲ. 1944ರಲ್ಲಿ ಹಾರ್ವರ್ಡ್‌ನ ಮಾರ್ಕ್-1 ಎಂಬ ಬೃಹತ್ ಗಣಕಯಂತ್ರದ ಬಳಿ ಕೆಲಸಕ್ಕೆ ನಿಯುಕ್ತರಾದರು.

ಅಂದಿನ ಯಂತ್ರಗಳಿಗೆ ಆದೇಶಗಳನ್ನು ಸಂಖ್ಯೆಗಳ ಸಂಕೇತದಲ್ಲಿಯೇ ನೀಡಬೇಕಾಗಿತ್ತು. ಒಬ್ಬರು ಬರೆದುದನ್ನು ಮತ್ತೊಬ್ಬರು ಓದಿ ತಿಳಿಯುವುದು ಕಷ್ಟ. ಒಂದು ಯಂತ್ರಕ್ಕೆ ಬರೆದದ್ದು ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಯಂತ್ರವನ್ನು ಬದಲಿಸಿದರೆ ವರ್ಷಗಳ ದುಡಿಮೆ ವ್ಯರ್ಥವಾಗುತ್ತಿತ್ತು. ವ್ಯಾಪಾರಿಯೂ ಗುಮಾಸ್ತನೂ ಅರಿಯಬಲ್ಲ ಇಂಗ್ಲಿಷ್ ಪದಗಳಲ್ಲಿಯೇ ಆದೇಶಗಳನ್ನು ಬರೆದು, ಯಂತ್ರವೇ ಅವನ್ನು ತನ್ನ ಸಂಕೇತಗಳಿಗೆ ಪರಿವರ್ತಿಸಿಕೊಳ್ಳಬಾರದೇಕೆ ಎಂದು ಹಾಪರ್ ಯೋಚಿಸಿದರು.

1952ರಲ್ಲಿ ಅವರು ಕಂಪೈಲರ್ ಎಂಬ ಸಾಧನವನ್ನು ರೂಪಿಸಿದಾಗ ನಂಬಿದವರು ವಿರಳ. ಯಂತ್ರಕ್ಕೆ ಇಂಗ್ಲಿಷ್ ಅರ್ಥವಾಗದೆಂಬುದು ಮೇಲಧಿಕಾರಿಗಳ ಮತ. ಯಂತ್ರಕ್ಕೆ ಎಲ್ಲ ಭಾಷೆಯ ಪದಗಳೂ ಬರಿಯ ಚಿಹ್ನೆಗಳೆಂದು ತೋರಿಸಲು ಹಾಪರ್ ಅವರು ಫ್ರೆಂಚ್ ಮತ್ತು ಜರ್ಮನ್ ಪದಗಳ ಆದೇಶಗಳನ್ನೂ ಸಿದ್ಧಪಡಿಸಿದರು. ಇದರಿಂದ ಅಧಿಕಾರಿಗಳು ಇನ್ನಷ್ಟು ಗಾಬರಿಗೊಂಡರು! ಆದರೂ ಛಲ ಬಿಡದೆ ಅವರು ಫ್ಲೋ-ಮ್ಯಾಟಿಕ್ ಎಂಬ ಭಾಷೆಯನ್ನು ರಚಿಸಿದರು.

1959ರಲ್ಲಿ ಸರಕಾರದ ಮತ್ತು ಉದ್ಯಮಗಳ ಪ್ರತಿನಿಧಿಗಳು ಕೂಡಿ ವ್ಯಾಪಾರಕ್ಕೆ ತಕ್ಕ ಸಾಮಾನ್ಯ ಭಾಷೆಯೊಂದನ್ನು ನಿರ್ಮಿಸಲು ಸಂಕಲ್ಪಿಸಿದರು. ಹಾಪರ್ ಸಲಹೆಗಾರರಾದರು. ಅವರ ಫ್ಲೋ-ಮ್ಯಾಟಿಕ್ ಭಾಷೆಯ ತಳಹದಿಯ ಮೇಲೆ ಹಲವರ ಶ್ರಮದಿಂದ ಕೋಬಾಲ್ ಭಾಷೆ ಮೂಡಿತು. 1960ರ ಡಿಸೆಂಬರ್‌ನಲ್ಲಿ ಒಂದೇ ಕೋಬಾಲ್ ಪ್ರೋಗ್ರಾಮನ್ನು ಎರಡು ಬೇರೆ ಬೇರೆ ಕಂಪನಿಗಳ ಯಂತ್ರಗಳಲ್ಲಿ ನಡೆಸಿ ತೋರಿಸಲಾಯಿತು.

ಕೋಬಾಲ್ ದೋಷರಹಿತವಾಗಿರಲಿಲ್ಲ. ಅದರ ವಾಕ್ಯಗಳು ಬಲು ದೀರ್ಘವೆಂದು ವಿದ್ವಾಂಸರು ಆಕ್ಷೇಪಿಸಿದರು. ವಿಜ್ಞಾನದ ಲೆಕ್ಕಗಳಿಗೆ 1957ರಲ್ಲಿ ಬಂದ ಫೋರ್ಟ್ರಾನ್ ಹೆಚ್ಚು ಹೊಂದುತ್ತಿತ್ತು. ಎಲ್ಲ ಕೆಲಸಕ್ಕೂ ಒಂದೇ ಭಾಷೆ ಶ್ರೇಷ್ಠವಲ್ಲ. ಅದು ಕೈಗೊಂಡ ಕೆಲಸಕ್ಕೆ ಒಪ್ಪುವುದೇ, ಬರೆದವರು ಬಿಟ್ಟುಹೋದ ಮೇಲೆ ಬಂದವರು ಓದಿ ತಿದ್ದಬಲ್ಲರೇ, ಯಂತ್ರ ಬದಲಾದರೂ ಉಳಿಯುವುದೇ ಎಂಬುವೇ ಮುಖ್ಯ ಒರೆಗಲ್ಲುಗಳು. ವೇಗವೊಂದನ್ನೇ ನೋಡಿ ಭಾಷೆಯನ್ನು ಆರಿಸಿದವರು ಮುಂದೆ ಪರಿತಪಿಸಬೇಕಾದೀತು.

ಹಾಪರ್ ಅವರು 1986ರಲ್ಲಿ, ತಮ್ಮ 79ನೆಯ ವಯಸ್ಸಿನಲ್ಲಿ, ರಿಯರ್ ಅಡ್ಮಿರಲ್ ಪದವಿಯಿಂದ ನಿವೃತ್ತರಾದರು. 1992ನೆಯ ಜನವರಿ 1ರಂದು ನಿಧನರಾದರು. ಜಗತ್ತಿನ ಅನೇಕ ಬ್ಯಾಂಕುಗಳ ಲೆಕ್ಕಗಳು ಇಂದಿಗೂ ಕೋಬಾಲ್‌ನಲ್ಲಿಯೇ ಸಾಗುತ್ತಿವೆ. ತಾವು ಬರೆದುದು ಇತರರಿಗೂ ತಿಳಿಯಬೇಕೆಂಬ ಅವರ ಹಂಬಲ ಅವರ ಕಾಲವನ್ನೂ ಮೀರಿ ಬಾಳುತ್ತಿದೆ.